ಗುರುವಾರ ರಾತ್ರಿಯ ಒಣದ್ರಾಕ್ಷಿ

ಹೋದ ತಿಂಗಳು ಇದೇ ಪುಟದಲ್ಲಿ ನಮ್ಮವರ, ಅಂದರೆ ನನ್ನ ಯಜಮಾನರ, ಬಗ್ಗೆ ನಾಲ್ಕು ಮಾತು ಬರೆದಿದ್ದೆ. ನಾವು ಯಹೂದಿಗಳು, ಬೆನೆ ಇಸ್ರೇಲ್ ಪಂಗಡದವರು. ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. 1973ರಲ್ಲಿ ಮದುವೆಯಾಗಿ ಮುಂಬಯಿ ಪಕ್ಕದ ಠಾಣೆಗೆ ಬಂದೆ. ನಮ್ಮವರು 2017ರ ಡಿಸೆಂಬರಿನಲ್ಲಿ ತೀರಿಕೊಂಡರು. ಶುಕ್ರವಾರ ಸಂಜೆಯ ಪ್ರಾರ್ಥನೆಯ ಪಾನಕಕ್ಕೆ ಬೇಕಾದ ಒಣದ್ರಾಕ್ಷಿಯನ್ನು ಗುರುವಾರ ರಾತ್ರಿಯೇ ನೆನೆಸಿಡುವುದು ಅವರ ಕೆಲಸವಾಗಿತ್ತು, ಅವರು ತೀರಿಕೊಂಡ ವಾರ ಅದನ್ನು ಯಾರೂ ನೆನೆಸಲಿಲ್ಲ ಅಂತ ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಸಂಪಾದಕರು ಕೆಲವು ಪ್ರಶ್ನೆ ಆರಿಸಿ ಕಳಿಸಿದ್ದಾರೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಪ್ರಶ್ನೆ: ನನ್ನ ಯಜಮಾನರು ಹೋಗಿ ಎಂಟು ತಿಂಗಳಾಯಿತು. ಹನ್ನೊಂದನೇ ದಿನ ನನ್ನ ಬಳೆ ಒಡೆದರು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಅಕ್ಕಾ, ನಿಮ್ಮಲ್ಲೂ ಹೀಗೆ ಮಾಡ್ತಾರಾ? ಏನೇನು ಕಟ್ಟುಪಾಡು ಇವೆ?
– ಒಬ್ಬ ಓದುಗರು, ಗದಗ

ತಂಗೀ, ನಿಮ್ಮ ಪತ್ರ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ.

ನಮ್ಮ ಹೆಣ್ಣುಮಕ್ಕಳೂ ಮದುವೆಯಲ್ಲಿ ಹಸಿರು ಬಳೆ ಇಡುತ್ತಾರೆ, ಕರಿಮಣಿ ಕಟ್ಟಿಕೊಳ್ಳುತ್ತಾರೆ. ಎಷ್ಟೋ ತಲೆಮಾರು ಕೊಂಕಣದ ಹಳ್ಳಿಗಳಲ್ಲಿ ಬಾಳಿದವರು ನಾವು. ಅಕ್ಕಪಕ್ಕದವರ ಪದ್ಧತಿ ನಮ್ಮದೂ ಆಯಿತು. ಹಾಗೇ ಹಳೇ ಕಾಲದಲ್ಲಿ ಬಳೆ ಒಡೆಯುವುದೂ ಇತ್ತು. ನಮ್ಮತ್ತೆಗೆ ಒಡೆದಿದ್ದರು. ನನ್ನ ಸರದಿ ಬಂದಾಗ ನಾದಿನಿ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಕೈಗೆ ಸೋಪು ಹಚ್ಚಿ, ಒಂದೊಂದೇ ಬಳೆ ಜಾರಿಸಿ ತೆಗೆದಳು. "ವೈನಿ, ಒಂದೂ ಒಡೆದಿಲ್ಲ ನೋಡು" ಅಂದಳು. ಎಂಟು ಬಳೆ. ಕಪಾಟಿನಲ್ಲಿ ಅವರ ಕನ್ನಡಕದ ಡಬ್ಬಿಯ ಪಕ್ಕದಲ್ಲಿವೆ. ಹಬ್ಬ ಬಂದರೆ ಎರಡು ಹಾಕಿಕೊಳ್ಳುತ್ತೇನೆ.

ನಮ್ಮ ಧರ್ಮದ ನಿಯಮದಲ್ಲಿ ಬಳೆಯ ಮಾತೇ ಇಲ್ಲ. ಬಟ್ಟೆ ಹರಿದುಕೊಳ್ಳುವುದು ಮಾತ್ರ ಇದೆ. ಮಣ್ಣು ಮಾಡುವ ಮುಂಚೆ, ನಿಂತುಕೊಂಡು, ಮೈಮೇಲಿನ ಬಟ್ಟೆಯನ್ನು ಅಂಗೈ ಅಗಲದಷ್ಟು ಹರಿಯಬೇಕು. ಗಂಡಸರೂ ಹರಿಯಬೇಕು, ಹೆಂಗಸರೂ ಹರಿಯಬೇಕು. ತಂದೆ ತಾಯಿಗಾದರೆ ಎಡಗಡೆ, ಹೃದಯದ ಮೇಲೆ. ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗಾದರೆ ಬಲಗಡೆ. ಆಮೇಲೆ ಏಳು ದಿನ ಮನೆಯಿಂದ ಹೊರಗೆ ಹೋಗುವ ಹಾಗಿಲ್ಲ. ನೆಲದ ಮೇಲೋ, ತಗ್ಗಿನ ಮಣೆಯ ಮೇಲೋ ಕೂರಬೇಕು. ಮನೆಯ ಕನ್ನಡಿಗೆಲ್ಲ ಬಟ್ಟೆ ಮುಚ್ಚುತ್ತಾರೆ. ಇದಕ್ಕೆ 'ಶಿವಾ' ಅಂತ ಹೆಸರು. ಹೀಬ್ರೂ ಭಾಷೆಯಲ್ಲಿ ಏಳು ಅಂತ ಅರ್ಥ.

ಮೂವತ್ತನೇ ದಿನದವರೆಗೆ ಇನ್ನೊಂದಿಷ್ಟು ನಿಯಮ. ತಂದೆ ತಾಯಿಗಾದರೆ ಒಂದು ವರ್ಷ. ಗಂಡನಿಗೆ ಮೂವತ್ತೇ ದಿನ. ಇದು ತಿಳಿದಾಗ ನನಗೆ ತುಂಬಾ ಸಿಟ್ಟು ಬಂತು. 44 ವರ್ಷ ಒಂದೇ ಮನೆಯಲ್ಲಿ ಇದ್ದವರಿಗೆ ಮೂವತ್ತು ದಿನವಾ? ನಮ್ಮ ಸಿನಗಾಗಿನ, ಅಂದರೆ ಪ್ರಾರ್ಥನಾ ಮಂದಿರದ, ಹಿರಿಯರೊಬ್ಬರನ್ನು ಕೇಳಿಯೇಬಿಟ್ಟೆ. ಅವರು ಹೇಳಿದರು: "ಮೂವತ್ತು ದಿನ ಆದಮೇಲೆ ಅಳಬಾರದು ಅಂತಲ್ಲ. ಹೀಗೇ ಅಳು, ಇಷ್ಟೇ ಅಳು ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ ಅಂತ." ಗಂಡ ಸತ್ತರೆ ಅದು ನಿಜವಾಗಿ ಸಾವು ಅನ್ನಿಸುವುದು ಹೆಂಡತಿಗೇ ಎಂಬ ಮಾತು ನಮ್ಮ ತಾಲ್ಮುದ್ ಗ್ರಂಥದಲ್ಲಿದೆ ಅಂತಲೂ ಅವರೇ ತೋರಿಸಿದರು. ಅದನ್ನು ಓದಿದ ಮೇಲೆ ಸಿಟ್ಟು ಇಳಿಯಿತು.

ಗಂಡ ಹೋದವಳು ಮೂರು ತಿಂಗಳು ಕಳೆದ ಮೇಲೆ ಮತ್ತೆ ಮದುವೆಯಾಗಬಹುದು. ಅವಳನ್ನು ಶುಭಕಾರ್ಯದಿಂದ ದೂರ ನಿಲ್ಲಿಸಿ ಅಂತ ನಮ್ಮ ನಿಯಮ ಹೇಳುವುದಿಲ್ಲ. ತಂಗೀ, ಬಳೆ ಬೇಕು ಅಂತ ನಿಮಗೆ ಅನ್ನಿಸಿದ ದಿನ ಅಂಗಡಿಗೆ ಹೋಗಿ ಇಡಿಸಿಕೊಳ್ಳಿ. ಯಾರನ್ನೂ ಕೇಳಬೇಡಿ.

ಪ್ರಶ್ನೆ: ನನ್ನ ಆಪ್ತ ಗೆಳೆಯನ ಅಪ್ಪ ತೀರಿಕೊಂಡು ಮೂರು ವಾರವಾಯಿತು. ಏನು ಮಾತಾಡಬೇಕು ಅಂತ ಗೊತ್ತಾಗದೆ ನಾನು ಅವನ ಮನೆಗೇ ಹೋಗಿಲ್ಲ. ಈಗ ಹೋಗಲು ನಾಚಿಕೆ. ಏನು ಮಾಡಲಿ ಅಮ್ಮಾ?
– ಒಬ್ಬ ಯುವಕ, ಶಿರಸಿ

ಇವತ್ತೇ ಹೋಗಪ್ಪಾ. ಏನು ಮಾತಾಡಬೇಕು ಅನ್ನುವ ಚಿಂತೆ ಬೇಡ. ನಮ್ಮಲ್ಲಿ ಇದಕ್ಕೊಂದು ನಿಯಮವೇ ಇದೆ. ದುಃಖದ ಮನೆಗೆ ಹೋದವರು ತಾವಾಗಿ ಮಾತು ಶುರು ಮಾಡಬಾರದು. ದುಃಖದಲ್ಲಿರುವವರು ಬಾಯಿ ತೆರೆಯುವ ತನಕ ಸುಮ್ನೆ ಕೂತಿರಬೇಕು. ಅವರು ಕ್ರಿಕೆಟ್ ಮಾತಾಡಿದರೆ ಕ್ರಿಕೆಟ್. ಏನೂ ಮಾತಾಡದಿದ್ದರೆ ಕೂತಿದ್ದು ಎದ್ದು ಬನ್ನಿ.

ಇನ್ನೊಂದು ನಿಯಮವೂ ಇದೆ. ಮಣ್ಣು ಮಾಡಿ ಬಂದ ಮೇಲಿನ ಮೊದಲ ಊಟವನ್ನು ಮನೆಯವರು ತಮ್ಮ ಅಡುಗೆಯಿಂದ ಉಣ್ಣಬಾರದು. ಹೊರಗಿನವರು ತರಬೇಕು. ಬೇಯಿಸಿದ ಮೊಟ್ಟೆ ಅಥವಾ ಇಡೀ ಮಸೂರ ಬೇಳೆ ಇರುವುದು ವಾಡಿಕೆ. ಕಡಲೆಗೆ, ಅಲಸಂದೆಗೆ ಒಂದು ಮೂತಿ ಇರುತ್ತದೆ ನೋಡಿ, ಮಸೂರಕ್ಕೆ ಅದಿಲ್ಲ, ಸುತ್ತ ನುಣುಪು. ದುಃಖದಲ್ಲಿರುವವರಿಗೂ ಬಾಯಿ ಇರುವುದಿಲ್ಲ ಅಂತ ಹಿರಿಯರು ಅದಕ್ಕೆ ಅರ್ಥ ಹೇಳುತ್ತಾರೆ.

ನಮ್ಮ ಎದುರು ಮನೆಯಾಕೆ ಮರಾಠಿ ಬ್ರಾಹ್ಮಣರು. ನಮ್ಮ ಪದ್ಧತಿ ಆಕೆಗೇನೂ ಗೊತ್ತಿರಲಿಲ್ಲ. ನಮ್ಮವರನ್ನು ಮಣ್ಣು ಮಾಡಿದ ದಿನ ಸಂಜೆ ಬಾಗಿಲು ತಳ್ಳಿಕೊಂಡು ಬಂದವರ ಕೈಯಲ್ಲಿ ಭಾಕರಿ ಮತ್ತು ಒಂದು ಪಾತ್ರೆ ಮಸೂರ. ಮನೆಯಲ್ಲಿ ಬೇರೇನೂ ಇರಲಿಲ್ಲವಂತೆ. ನಾನು ಪಾತ್ರೆ ನೋಡಿ ಅತ್ತುಬಿಟ್ಟೆ, ಆಕೆಗೆ ಗಾಬರಿ. "ಏನಾದರೂ ಬೇಕಿದ್ದರೆ ಹೇಳಿ" ಅಂತ ಆ ವಾರ ನನಗೆ ಬಹಳ ಜನ ಹೇಳಿದರು. ಏನು ಬೇಕು ಅಂತ ನನಗೇ ಗೊತ್ತಿರಲಿಲ್ಲ, ಏನಂತ ಹೇಳಲಿ? ಆಕೆ ಏನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ಎರಡು ಪ್ಯಾಕೆಟ್ ಹಾಲು ತಂದು ಫ್ರಿಜ್ಜಿನಲ್ಲಿ ಇಟ್ಟು ಹೋಗುತ್ತಿದ್ದರು. ನೀನೂ ಹಾಗೇ ಏನಾದರೂ ಮಾಡು. ಮೂರು ವಾರ ಆಗಿದ್ದು ಒಳ್ಳೆಯದೇ ಆಯಿತು. ಬಂದವರೆಲ್ಲ ಹೋಗಿರುತ್ತಾರೆ, ಈಗಲೇ ಅವನಿಗೆ ಯಾರಾದರೂ ಬೇಕು.

ಪ್ರಶ್ನೆ: ಅಮ್ಮ ಗ್ಯಾಸ್ ಆರಿಸಲು ಮರೆತಿದ್ದಕ್ಕೆ ನಾನು ಕೂಗಾಡಿದ್ದೆ. ನಾಲ್ಕು ದಿನಕ್ಕೆ ಅವರು ಹೋಗಿಬಿಟ್ಟರು. ಕ್ಷಮೆ ಕೇಳಲು ಆಗಲಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ.
– ಒಬ್ಬ ಓದುಗರು, ಮೈಸೂರು

ನಿಮಗೆ ನನ್ನದನ್ನು ಹೇಳುತ್ತೇನೆ.

ನಮ್ಮವರಿಗೆ ಬಿಪಿ ಜಾಸ್ತಿ ಇತ್ತು. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರು. ಹುಬ್ಬಳ್ಳಿಯ ನನ್ನ ಬಾಲ್ಯದ ಗೆಳತಿ ವರ್ಷಕ್ಕೊಂದು ಭರಣಿ ಮಾವಿನಕಾಯಿ ಉಪ್ಪಿನಕಾಯಿ ಕಳಿಸುತ್ತಾಳೆ. ಡಿಸೆಂಬರ್ 3, ಭಾನುವಾರ ರಾತ್ರಿ. ಖಿಚಡಿ ಮಾಡಿದ್ದೆ. "ಒಂದು ಹೋಳು ಕೊಡು" ಅಂದರು. ಇಲ್ಲ ಅಂದೆ. "ಅರ್ಧ ಹೋಳು" ಅಂದರು. ನಾನು ಸ್ಟೂಲು ಹತ್ತಿ ಭರಣಿಯನ್ನು ಅಟ್ಟದ ಮೇಲೆ ಇಟ್ಟುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಸಪ್ಪೆ ಖಿಚಡಿ ತಿಂದು, ತಟ್ಟೆ ತೊಳೆದಿಟ್ಟು ಮಲಗಿದರು. ಬೆಳಗಿನ ಜಾವ ಎದೆ ನೋವು ಅಂದರು. ಆರು ಗಂಟೆಗೆಲ್ಲ ಇಲ್ಲ. ನಮ್ಮಲ್ಲಿ ಆದಷ್ಟು ಬೇಗ ಮಣ್ಣು ಮಾಡಬೇಕು. ಮಧ್ಯಾಹ್ನ ಮೂರಕ್ಕೆ ಎಲ್ಲ ಮುಗಿಯಿತು.

ಒಂಬತ್ತು ತಿಂಗಳು ನಾನು ಆ ಅಟ್ಟದ ಕಡೆ ನೋಡಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ನಮ್ಮಲ್ಲಿ ಯೋಮ್ ಕಿಪ್ಪುರ್ ಅಂತ ದೊಡ್ಡ ಉಪವಾಸದ ದಿನ ಬರುತ್ತದೆ. ಬೆನೆ ಇಸ್ರೇಲ್ ಜನರ ಮರಾಠಿಯಲ್ಲಿ ಅದು 'ದಾರ್ ಫಾಳಣೀಚಾ ಸಣ್', ಬಾಗಿಲು ಮುಚ್ಚುವ ಹಬ್ಬ. ಆ ಹೊತ್ತಿಗೆ ತೀರಿಹೋದವರು ತಮ್ಮ ತಮ್ಮ ಮನೆಗೆ ಬಂದು ಹೋಗುತ್ತಾರೆ ಅಂತ ನಮ್ಮತ್ತೆ ಹೇಳುತ್ತಿದ್ದರು. ಆ ಉಪವಾಸದಿಂದ ದೇವರಿಗೆ ಮಾಡಿದ ತಪ್ಪು ಮಾತ್ರ ಕಳೆಯುತ್ತದೆ. ಮನುಷ್ಯರಿಗೆ ಮಾಡಿದ ತಪ್ಪಿಗೆ ಆ ಮನುಷ್ಯರನ್ನೇ ಕಂಡು ಕ್ಷಮೆ ಕೇಳಬೇಕು. ಅವರು ಬದುಕಿಲ್ಲದಿದ್ದರೆ? ಅದಕ್ಕೂ ದಾರಿ ಹೇಳಿದ್ದಾರೆ. ಹತ್ತು ಜನರನ್ನು ಕರೆದುಕೊಂಡು ಅವರ ಸಮಾಧಿಗೆ ಹೋಗಿ, ಆ ಹತ್ತು ಜನರ ಮುಂದೆ ನನ್ನದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಬೇಕು.

ಒಂದು ಹೋಳು ಉಪ್ಪಿನಕಾಯಿಗೆ ಹತ್ತು ಜನರನ್ನು ಎಲ್ಲಿಂದ ಕರೆಯಲಿ? 2018ರ ಸೆಪ್ಟೆಂಬರಿನಲ್ಲಿ, ಉಪವಾಸದ ಹಿಂದಿನ ವಾರ, ಪುಣೆಯಿಂದ ಮಗಳು ಬಂದಿದ್ದಳು. ಅವಳನ್ನೂ ನಾದಿನಿಯನ್ನೂ ಕರೆದುಕೊಂಡು ಹೋದೆ. ಜಿಟಿಜಿಟಿ ಮಳೆ. ಕಲ್ಲಿನ ಮುಂದೆ ನಿಂತು ಜೋರಾಗಿ ಹೇಳಿದೆ, "ಆ ರಾತ್ರಿ ನಿಮಗೆ ಉಪ್ಪಿನಕಾಯಿ ಕೊಡಲಿಲ್ಲ. ತಪ್ಪಾಯಿತು." ಮಗಳು ನನ್ನ ಮುಖ ನೋಡಿದಳು. ಆಮೇಲೆ ಅವಳೂ ಹೇಳಿದಳು: "ಪಪ್ಪಾ, ಆ ಭಾನುವಾರ ಫೋನ್ ಮಾಡ್ತೀನಿ ಅಂದು ಮಾಡಲಿಲ್ಲ." ಅವಳ ಹತ್ತಿರವೂ ಒಂದು ಇತ್ತು, ನನಗೆ ಗೊತ್ತೇ ಇರಲಿಲ್ಲ. ನಾದಿನಿ ಸಹ ಏನೋ ಹೇಳಿದಳು, ಮಳೆಯಲ್ಲಿ ನನಗೆ ಕೇಳಿಸಲಿಲ್ಲ. ನಾವು ಸಮಾಧಿಯ ಮೇಲೆ ಹೂವಿನ ಬದಲು ಸಣ್ಣ ಕಲ್ಲು ಇಡುತ್ತೇವೆ. ಮೂರು ಕಲ್ಲು ಇಟ್ಟೆವು. ಗೇಟಿನ ಹತ್ತಿರ ಕೈ ತೊಳೆದುಕೊಂಡು ಮನೆಗೆ ಬಂದೆವು. ಮಗಳು ಸ್ಟೂಲು ಹತ್ತಿ ಭರಣಿ ಇಳಿಸಿದಳು.

ನಿಮ್ಮದನ್ನೂ ಯಾರಾದರೂ ಒಬ್ಬರ ಮುಂದೆ ಬಾಯಿಬಿಟ್ಟು ಹೇಳಿ. ನಿಮ್ಮ ಅಣ್ಣನೋ ತಂಗಿಯೋ ಇದ್ದರೆ ಅವರ ಮುಂದೆಯೇ ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ನಿದ್ದೆ ಬರುವುದಿಲ್ಲ, ಒಂಬತ್ತು ತಿಂಗಳು ಹಾಗೆ ಮಾಡಿ ನೋಡಿದ್ದೇನೆ.

ಪ್ರಶ್ನೆ: ಅಜ್ಜೀ, ನೀವು ಯಹೂದಿ ಅಂದರೆ ಇಸ್ರೇಲಿನವರಾ? ಹುಬ್ಬಳ್ಳಿಗೆ ಹೇಗೆ ಬಂದಿರಿ?
– 9ನೇ ತರಗತಿ ವಿದ್ಯಾರ್ಥಿನಿ, ಹುಬ್ಬಳ್ಳಿ

ಪುಟ್ಟೀ, ನಮ್ಮೂರಿನ ಹುಡುಗಿ ಪತ್ರ ಬರೆದದ್ದು ನೋಡಿ ಬಹಳ ಖುಷಿಯಾಯಿತು.

ನಮ್ಮ ಹಿರಿಯರು ಹೇಳುವ ಕಥೆ ಹೀಗಿದೆ. ಎಷ್ಟೋ ನೂರು ವರ್ಷದ ಹಿಂದೆ ಅಲಿಬಾಗ್ ಹತ್ತಿರದ ನವಗಾಂವ್ ಎಂಬಲ್ಲಿ ಹಡಗು ಒಡೆಯಿತು. ಏಳು ಗಂಡಸರು, ಏಳು ಹೆಂಗಸರು ಉಳಿದರು. ಅವರು ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ಹಾಕಿದರು. ಶನಿವಾರ ನಮಗೆ ವಿಶ್ರಾಂತಿಯ ದಿನ, ಗಾಣ ತಿರುಗಿಸುತ್ತಿರಲಿಲ್ಲ, ಅದಕ್ಕೇ ಊರವರು 'ಶನಿವಾರ ತೇಲಿ', ಅಂದರೆ ಶನಿವಾರದ ಗಾಣಿಗರು, ಅಂತ ಕರೆದರು. ಆಮೇಲೆ ಬ್ರಿಟಿಷರ ಕಾಲದಲ್ಲಿ ನಮ್ಮವರು ಸೈನ್ಯ, ರೈಲ್ವೆ, ಅಂಚೆ ಕೆಲಸಗಳಿಗೆ ಸೇರಿದರು. ನನ್ನ ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಮರಾಠಿ, ಬೀದಿಯಲ್ಲಿ ಕನ್ನಡ, ದೇವರ ಮುಂದೆ ಹೀಬ್ರೂ.

ನಿನ್ನ ಮೇಷ್ಟ್ರಿಗೆ ಹೇಳಲು ಒಂದು ಕಥೆ ಕೊಡುತ್ತೇನೆ. ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಅಂತ ನಮ್ಮವರೊಬ್ಬರು ಬ್ರಿಟಿಷ್ ಸೈನ್ಯದಲ್ಲಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಕೈಗೆ ಸೆರೆ ಸಿಕ್ಕರು. ನೀವು ಯಾವ ಜನ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದರಂತೆ. ಈ ಹೆಸರು ಕುರಾನಿನಲ್ಲಿದೆ, ಬಿಟ್ಟುಬಿಡು ಅಂತ ಟಿಪ್ಪುವಿನ ತಾಯಿ ಮಗನಿಗೆ ಹೇಳಿದರಂತೆ. ಬದುಕಿ ಬಂದ ದಿವೇಕರರು ಹರಕೆ ತೀರಿಸಲು 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್ ಕಟ್ಟಿಸಿದರು. ಅದರ ಹೆಸರು 'ಕರುಣೆಯ ಬಾಗಿಲು'. ಈಗಲೂ ಇದೆ, ನೋಡಬಹುದು. ತಾಯಿಯ ಮಾತಿನ ಕಥೆ ನಮ್ಮ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದು. ಸಿನಗಾಗ್ ಮತ್ತು ಅದರ ವರ್ಷ ಮಾತ್ರ ಕಣ್ಣಾರೆ ಕಾಣುವಂಥದ್ದು.

ಪ್ರಶ್ನೆ: ಯಜಮಾನರ ಬಟ್ಟೆ ಬರೆ ಎಲ್ಲ ಕೊಟ್ಟುಬಿಡು ಅಂತ ಮಗಳು ಹೇಳುತ್ತಾಳೆ. ನನಗೆ ಮನಸ್ಸಿಲ್ಲ. ನೀವೇನು ಮಾಡಿದಿರಿ?
– ಒಬ್ಬ ಓದುಗರು, ದಾವಣಗೆರೆ

ಅವರ ಪ್ರಾರ್ಥನೆಯ ಶಾಲು ಅವರ ಜೊತೆಗೇ ಹೋಯಿತು. ಅದರ ಒಂದು ಮೂಲೆಯ ದಾರದ ಕುಚ್ಚು ಕತ್ತರಿಸಿ, ಹೊದಿಸಿ ಮಣ್ಣು ಮಾಡುತ್ತಾರೆ. ತೀರಿಕೊಂಡವರ ಚಪ್ಪಲಿ, ಬೂಟು ಬೇರೆಯವರು ಹಾಕಿಕೊಳ್ಳಬಾರದು ಅಂತ ನಮ್ಮಲ್ಲಿ ವಾಡಿಕೆ, ಅದನ್ನು ಎಸೆದೆವು. ಶರ್ಟು ಪ್ಯಾಂಟು ಕೊಟ್ಟೆವು.

ನಾನು ಕೊಡದೇ ಇಟ್ಟುಕೊಂಡದ್ದು ಅವರ ಫೋನ್ ನಂಬರಿನ ಡೈರಿ. ಅವರು ಟೆಲಿಫೋನ್ ಇಲಾಖೆಯಲ್ಲಿದ್ದವರು, ನಂಬರುಗಳೆಂದರೆ ಬಹಳ ಅಚ್ಚುಕಟ್ಟು. ಎಷ್ಟೋ ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ಮರಾಠಿಯಲ್ಲಿ 'ಗೇಲೆ' ಅಂತ ಬರೆದಿದ್ದಾರೆ. ಹೋದರು ಅಂತ. ತೀರಿಕೊಂಡವರ ಮುಂದೆಯೂ ಅದೇ, ಇಸ್ರೇಲಿಗೆ ಹೋಗಿ ನೆಲೆಸಿದವರ ಮುಂದೆಯೂ ಅದೇ. ನಮ್ಮ ಕನ್ನಡದಲ್ಲೂ ಹಾಗೇ ಅಲ್ವಾ? 1948ರ ಹೊತ್ತಿಗೆ ಭಾರತದಲ್ಲಿ ಬೆನೆ ಇಸ್ರೇಲಿಗಳು ಸುಮಾರು 20,000 ಜನ ಇದ್ದರು. ಈಗ ನಾಲ್ಕೈದು ಸಾವಿರ. ಆ ಡೈರಿಯಲ್ಲಿ ಯಾರು ಸತ್ತರು, ಯಾರು ಬದುಕಿದ್ದಾರೆ ಅಂತ ಈಗ ಹೇಳಬಲ್ಲವಳು ನಾನೊಬ್ಬಳೇ. ದಿನಕ್ಕೆ ಒಂದು ಪುಟ ತೆಗೆದು, ಇಸ್ರೇಲಿನಲ್ಲಿರುವವರ ಮುಂದೆ ಊರಿನ ಹೆಸರು ಬರೆಯುತ್ತಿದ್ದೇನೆ. ಡಿಮೋನಾ, ಲೋದ್, ಬೇರ್ ಶೇವಾ, ಅಶ್ದೋದ್. 'ಮ' ಅಕ್ಷರಕ್ಕೆ ಬಂದಿದ್ದೇನೆ.

ನಿಮಗೆ ಮನಸ್ಸು ಬರುವ ತನಕ ಕೊಡಬೇಡಿ. ಬಟ್ಟೆ ಅನ್ನ ಕೇಳುವುದಿಲ್ಲ.

ಪ್ರಶ್ನೆ: ಮಗ ಇಸ್ರೇಲಿನಲ್ಲಿ ಇದ್ದಾರೆ ಅಂತ ಬರೆದಿದ್ದಿರಿ. ಈ ವಯಸ್ಸಿನಲ್ಲಿ ಒಬ್ಬರೇ ಏಕೆ ಇದ್ದೀರಿ?
– ನಿವೃತ್ತ ಶಿಕ್ಷಕರು, ಬಳ್ಳಾರಿ

ಮೇಷ್ಟ್ರೇ, ಇದನ್ನು ಎಲ್ಲರೂ ಕೇಳುತ್ತಾರೆ.

ಯಜಮಾನರು ಹೋದ ದಿನ ಮಗನಿಗೆ ಬೆಳಿಗ್ಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ನಡುರಾತ್ರಿ. ಚಳಿಗಾಲದಲ್ಲಿ ಅವರು ನಮಗಿಂತ ಮೂರೂವರೆ ಗಂಟೆ ಹಿಂದೆ. ವಿಮಾನ ಹಿಡಿದು ಬರುವ ಹೊತ್ತಿಗೆ ಮರುದಿನವಾಗುತ್ತಿತ್ತು. ಮಗ ಬರುವ ತನಕ ಕಾಯಬಹುದಿತ್ತು, ನಿಯಮ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಅವನೇ "ಕಾಯಬೇಡಮ್ಮ, ಪಪ್ಪನನ್ನು ಕಾಯಿಸಬೇಡ" ಅಂದ. ಅವನು ಅಶ್ದೋದಿನ ತನ್ನ ಮನೆಯಲ್ಲಿ ನೆಲದ ಮೇಲೆ ಕೂತ, ನಾನು ಇಲ್ಲಿ ಕೂತೆ. ಆಮೇಲೆ ಹನ್ನೊಂದು ತಿಂಗಳು ದಿನಾ ಅಪ್ಪನಿಗಾಗಿ ಕದ್ದಿಶ್ ಎಂಬ ಪ್ರಾರ್ಥನೆ ಹೇಳಿದ. ಅದನ್ನು ಒಬ್ಬನೇ ಹೇಳುವ ಹಾಗಿಲ್ಲ, ಹತ್ತು ಗಂಡಸರು ಕೂಡಬೇಕು. ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಇಲ್ಲ, ಪೂರ್ತಿ ದೇವರ ಹೊಗಳಿಕೆ. ಹನ್ನೆರಡು ಬಿಟ್ಟು ಹನ್ನೊಂದು ತಿಂಗಳು ಏಕೆಂದರೆ, ತೀರಾ ಕೆಟ್ಟವರಿಗೆ ಪರಲೋಕದಲ್ಲಿ ಹನ್ನೆರಡು ತಿಂಗಳ ಶಿಕ್ಷೆ ಅಂತ ನಂಬಿಕೆ. ನಮ್ಮಪ್ಪ ಅಂಥವರಲ್ಲ ಅಂತ ಮಕ್ಕಳು ಒಂದು ತಿಂಗಳು ಮುಂಚೆಯೇ ನಿಲ್ಲಿಸುತ್ತಾರೆ. ಇದನ್ನು ಯೋಚಿಸಿದವರು ಯಾರೋ, ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

2019ರಲ್ಲಿ ಮೂರು ತಿಂಗಳು ಅಲ್ಲಿ ಇದ್ದು ಬಂದೆ. ಮೊಮ್ಮಗಳು ನನ್ನನ್ನು 'ಸವ್ತಾ' ಅನ್ನುತ್ತಾಳೆ, ಅಜ್ಜಿ ಅಂತ. ಅವಳ ಹೀಬ್ರೂ ನನಗೆ ಅರ್ಥವಾಗುವುದಿಲ್ಲ, ನನ್ನ ಮರಾಠಿ ಅವಳಿಗೆ ಬರುವುದಿಲ್ಲ. ಸಂಜೆ ಪಾರ್ಕಿನಲ್ಲಿ ಗಾಲಿಕುರ್ಚಿ ತಳ್ಳುತ್ತಾ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ಫೋನಿನಲ್ಲಿ "ಊಟ ಆಯ್ತಾ ಮಗಾ?" ಅನ್ನುತ್ತಿದ್ದಳು. ನಾನು ಬೆಂಚಿನಿಂದ ಎದ್ದೇ ನಿಂತೆ. ಉಡುಪಿ ಕಡೆಯವಳು. ನಮ್ಮ ಕರಾವಳಿಯಿಂದ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿಗೆ ಹೋದವರು ಬಹಳ ಜನ. ಅವಳು ತೊಂಬತ್ತು ವರ್ಷದ ವಿಧವೆಯೊಬ್ಬರನ್ನು ನೋಡಿಕೊಳ್ಳುತ್ತಿದ್ದಳು, ಊರಿನಲ್ಲಿ ಅವಳ ಮಗನನ್ನು ಅವಳ ಅಮ್ಮ ನೋಡಿಕೊಳ್ಳುತ್ತಿದ್ದರು. ಆ ಮೂರು ತಿಂಗಳಲ್ಲಿ ನಾನು ಮನಸಾರೆ ಮಾತಾಡಿದ್ದು ಅವಳ ಹತ್ತಿರವೇ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದಾಗ ಮಗನಿಗೆ ಫೋನ್ ಮಾಡಿದ ಮೇಲೆ ಎರಡನೇ ಫೋನ್ ಅವಳಿಗೆ. ಅಶ್ದೋದಿನಲ್ಲಿ ಸೈರನ್ ಕೂಗಿದರೆ 45 ಸೆಕೆಂಡಿನಲ್ಲಿ ಗಟ್ಟಿ ಗೋಡೆಯ ಕೋಣೆಗೆ ಹೋಗಬೇಕು. "ಅಜ್ಜಿಯನ್ನು ಎತ್ತಿಕೊಂಡೇ ಓಡ್ತೇನೆ ಅಮ್ಮಾ, ಅವರು ಹಗುರ ಇದ್ದಾರೆ" ಅಂದಳು.

ನಾನು ಇಲ್ಲಿ ಏಕೆ ಇದ್ದೇನೆ ಅಂದರೆ, ಅವರು ಇಲ್ಲಿದ್ದಾರೆ. ಅವರ ವರ್ಷದ ದಿನ ನಮ್ಮ ಪಂಚಾಂಗದ ಕಿಸ್ಲೇವ್ ತಿಂಗಳ 16. ನಿಮ್ಮ ತಿಥಿಯ ಹಾಗೇ ಪ್ರತಿ ವರ್ಷ ತಾರೀಖು ಬದಲಾಗುತ್ತದೆ, ನಮಗೂ ಅಧಿಕ ಮಾಸವಿದೆ. ಹಿಂದಿನ ಸಂಜೆ ದೀಪ ಹಚ್ಚಿದರೆ ಮರುದಿನ ಸಂಜೆಯವರೆಗೆ ಉರಿಯಬೇಕು. ಆ ದೀಪ ಈ ಮನೆಯಲ್ಲೇ ಉರಿಯಲಿ ಅಂತ ನನ್ನ ಆಸೆ. ಕಾಲು ನಡೆಯದ ದಿನ ಬಂದರೆ ಮಗನ ಹತ್ತಿರ ಹೋಗುತ್ತೇನೆ. ಆಗ ಡೈರಿಯಲ್ಲಿ ನನ್ನ ಹೆಸರಿನ ಮುಂದೆ ಊರು ಬರೆಯಲು ಮಗಳಿಗೆ ಹೇಳಿದ್ದೇನೆ.

ಪ್ರಶ್ನೆ: ಆ ದ್ರಾಕ್ಷಿ ಪಾನಕ ಹೇಗೆ ಮಾಡುವುದು? ಈಗ ಯಾರು ಮಾಡುತ್ತಾರೆ?
– ಒಬ್ಬ ಓದುಗರು, ಶಿವಮೊಗ್ಗ

ಶುಕ್ರವಾರ ಸೂರ್ಯ ಮುಳುಗಿದರೆ ನಮಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ, ಶುರು. ದೀಪ ಹಚ್ಚುವುದು ಹೆಂಗಸರ ಕೆಲಸ. ಆಮೇಲೆ ದ್ರಾಕ್ಷಾರಸದ ಲೋಟ ಹಿಡಿದು ಕಿದ್ದುಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ನಮ್ಮ ನಿಯಮಕ್ಕೆ ಒಪ್ಪುವ ದ್ರಾಕ್ಷಾರಸ ಕೊಂಕಣದಲ್ಲಿ ಎಲ್ಲಿ ಸಿಗಬೇಕು? ಅದಕ್ಕೇ ಹಿರಿಯರು ಒಣದ್ರಾಕ್ಷಿ ನೆನೆಸಿ ಹಿಂಡಿದರು.

ನಮ್ಮವರು ತೀರಿಕೊಂಡ ವಾರದ ಶುಕ್ರವಾರ ಬಟ್ಟಲು ಖಾಲಿ ಇತ್ತು. ಶಬ್ಬಾತ್ ದಿನ ಹರಿದ ಬಟ್ಟೆ ಬಿಚ್ಚಿಡಬೇಕು, ಎದುರಿಗೆ ದುಃಖ ತೋರಿಸುವ ಹಾಗಿಲ್ಲ. ಬೇರೆ ಸೀರೆ ಉಟ್ಟೆ. ದೀಪ ಹಚ್ಚಿದೆ. ರಸ ಇಲ್ಲದಿದ್ದರೆ ರೊಟ್ಟಿಯ ಮೇಲೂ ಹೇಳಬಹುದು, ಹಾಗಾಗಿ ಚಪಾತಿಯ ಮೇಲೆ ಹೇಳಿದೆವು. ಮುಂದಿನ ಗುರುವಾರ ರಾತ್ರಿ ನಾನೇ ನೆನೆಸಿದೆ. ಕಿದ್ದುಶ್ ಹೆಂಗಸರೂ ಹೇಳಬಹುದು, ಅದು ಅವರ ಮೇಲೂ ಇರುವ ಕರ್ತವ್ಯವೇ ಅಂತ ಆಗಲೇ ನನಗೆ ತಿಳಿದದ್ದು. ಅವರ ಪ್ರಾರ್ಥನೆ ಪುಸ್ತಕದಲ್ಲಿ ಹೀಬ್ರೂ ಪಕ್ಕದಲ್ಲಿ ಮರಾಠಿ ಅರ್ಥ ಇದೆ. ಬೆರಳಿಟ್ಟು ಓದುತ್ತೇನೆ.

ಒಂದು ಬಟ್ಟಲು ಬೀಜವಿಲ್ಲದ ಕಪ್ಪು ಒಣದ್ರಾಕ್ಷಿ ತೊಳೆದು, ಎರಡು ಬಟ್ಟಲು ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಅದೇ ನೀರಿನಲ್ಲಿ ಚೆನ್ನಾಗಿ ಕಿವುಚಿ. ಮಿಕ್ಸಿ ಬೇಡ, ಕಹಿಯಾಗುತ್ತದೆ. ತೆಳು ಬಟ್ಟೆಯಲ್ಲಿ ಹಾಕಿ ಹಿಂಡಿ. ಸಕ್ಕರೆ ಬೇಕಿಲ್ಲ. ಹಿಂಡಿದ ಬಟ್ಟೆಯನ್ನು ಕೂಡಲೇ ತೊಳೆಯಿರಿ, ಒಣಗಿದರೆ ಕಲೆ ಹೋಗುವುದಿಲ್ಲ. ಅವರು ಯಾವತ್ತೂ ತೊಳೆಯುತ್ತಿರಲಿಲ್ಲ, ಸಿಂಕಿನಲ್ಲಿ ಹಾಗೇ ಬಿಟ್ಟು ಬರುತ್ತಿದ್ದರು. ನಮ್ಮ ಮನೆಯ ಬಟ್ಟೆ ಪೂರ್ತಿ ಕಂದು ಬಣ್ಣಕ್ಕೆ ತಿರುಗಿದೆ. ಈಗಲೂ ಅದರಲ್ಲೇ ಹಿಂಡುತ್ತೇನೆ.